ನನ್ನ ಕೆನ್ನೆಯ ಎತ್ತರಕ್ಕೆ

ತಮ್ಮನ ಬಲಭುಜ ಮುರಿದವನು ನಾನೇ. ಜಾರಿ ಬಿದ್ದ ಎಂದು ಕೊಪ್ಪದಿಂದ ನರಸಿಂಹರಾಜಪುರದವರೆಗೆ ನೆಂಟರಿಗೆಲ್ಲ ಹೇಳಿಕೊಂಡು ಬಂದೆವು. ಇಲ್ಲಿ ಆ ಸುಳ್ಳು ಬೇಡ. ಅವತ್ತು ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುವ ದಿನ, ನಮ್ಮಿಬ್ಬರ ತೋಟಕ್ಕೂ ಇರುವ ಒಂದೇ ಕೆರೆಯಲ್ಲಿದ್ದದ್ದು ಮೊಣಕಾಲುದ್ದ ನೀರು. ನನ್ನ ಸರದಿಯಲ್ಲಿ ಅವನು ವಾಲ್ವ್ ತಿರುಗಿಸಿ ತನ್ನ ತೋಟಕ್ಕೆ ಬಿಟ್ಟುಕೊಂಡಿದ್ದ. ಕೇಳಿದ್ದಕ್ಕೆ, "ಕೆರೆ ಎಂತ, ನಿಂಗೊಬ್ನಿಗೇ ಬರ್ಕೊಟ್ಟಿದಾರಾ?" ಅಂದ. ನನ್ನ ಕೈಯಲ್ಲಿ ಪೈಪ್ ಸ್ಪ್ಯಾನರ್ ಇತ್ತು. ಬೀಸಿದೆ. ಪಂಪಿನ ಗದ್ದಲದಲ್ಲೂ ಮೂಳೆ ಮುರಿದದ್ದು ಕೇಳಿಸಿತು. ಬಿದ್ದವನನ್ನು ಮತ್ತೆರಡು ಸಲ ಒದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವನ ಹೆಂಡತಿ ಪೊಲೀಸರಿಗೆ ಹೇಳುತ್ತೇನೆಂದು ಹೊರಟಳು. ಅಮ್ಮ ತಡೆದು, ದೇವರ ದೀಪ ಹಚ್ಚಿ ನನ್ನನ್ನು ಎದುರಿಗೆ ನಿಲ್ಲಿಸಿದಳು. ನಮ್ಮ ಮನೆಯ ಜಗಳಗಳು ಹಿಂದಿನಿಂದಲೂ ತೀರ್ಮಾನವಾಗುವುದು ಹೀಗೆ.

"ಮುರಿದವ್ನೇ ಕರ್ಕೊಂಡು ಹೋಗಿ ಸರಿ ಮಾಡಿಸ್ಬೇಕು. ಅವ್ನು ದೋಟಿ ಎತ್ತೋವರೆಗೆ ನೀನೂ ದೋಟಿ ಮುಟ್ಟೋಹಾಗಿಲ್ಲ."

ದೋಟಿಯೆಂದರೆ ನೆಲದಲ್ಲಿ ನಿಂತೇ ಅಡಿಕೆಯ ಗೊಂಚಲು, ಅಂದರೆ ಕೊನೆ, ತೆಗೆಯುವ ಉದ್ದನೆಯ ಕೋಲು. ಸುತ್ತಿನ ಮನೆಗಳಲ್ಲಿ ಕೊನೆ ತೆಗೆಯುತ್ತಿದ್ದವನು ನನ್ನ ತಮ್ಮನೇ. ಆ ಕೈ ಏಳದಿದ್ದರೆ ಅವನಿಗೆ ಬೇರೆ ಕಸುಬಿಲ್ಲ.

ಆಪರೇಷನ್ ಆಯಿತು, ಮೂಳೆ ಕೂಡಿತು. ಕೈ ಮಾತ್ರ ಸೊಂಟದಿಂದ ಮೇಲೆ ಬರಲಿಲ್ಲ. ವಾರಕ್ಕೆ ಮೂರು ದಿನ ಅವನನ್ನು ಜೀಪಿನಲ್ಲಿ ಕೊಪ್ಪಕ್ಕೆ ಕರೆದೊಯ್ಯತೊಡಗಿದೆ. ನನ್ನ ಪಕ್ಕ ಕೂರುತ್ತಿರಲಿಲ್ಲ, ಹಿಂದಿನ ಸೀಟು. ಅಲ್ಲಿ ಒಂದು ಕೋಣೆಯಲ್ಲಿ ಅಕ್ಯುಪಂಕ್ಚರ್, ಪಕ್ಕದ್ದರಲ್ಲಿ ಫಿಸಿಯೋಥೆರಪಿ. ಡಾಕ್ಟರು ಭುಜಕ್ಕಲ್ಲದೆ ಮೊಣಕಾಲಿನ ಕೆಳಗೂ ಸೂಜಿ ಚುಚ್ಚಿದಾಗ ನನಗೆ ರೇಗಿತು. ಮುರಿದದ್ದು ಎಲ್ಲಿ, ಚುಚ್ಚುವುದು ಎಲ್ಲಿ.

"ಸೂಜಿಯಿಂದ್ಲೇ ಎಲ್ಲ ಆಗಲ್ಲ ಮಾರಾಯ್ರೆ. ನೋವು ತಗ್ಗಿರೋ ಹೊತ್ತಲ್ಲೇ ಪಕ್ಕದ ಕೋಣೇಲಿ ಕೈ ಎತ್ತಿಸ್ಬೇಕು," ಎಂದರು ಅವರು.

ಎತ್ತಿಸುವವಳು ಶೃಂಗೇರಿ ಕಡೆಯ ಹುಡುಗಿ. ಬೇರೆಯವರಿಗೆಲ್ಲ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲಕ್ಕೊಯ್ಯಲು ಹೇಳುತ್ತಿದ್ದಳು. ತಮ್ಮ ಮೊದಲ ದಿನವೇ ಅವಳೆದುರು ಅಂದ: "ಈ ಕೈ ಎದ್ದ ದಿನ ಮೊದಲ್ನೇ ಏಟು ಇವ್ನ ಕೆನ್ನೆಗೇ."

ಅವಳು ನಗಲಿಲ್ಲ. "ಹಾಗಾದ್ರೆ ನಿಮ್ಗೆ ಗೋಡೆ ಬೇಡ. ಅಣ್ಣಾರೇ, ನೀವೇ ಎದುರಿಗೆ ನಿಂತ್ಕೊಳ್ಳಿ."

ನಿಂತೆ. ಅವನ ಬೆರಳು ನನ್ನ ಹೊಟ್ಟೆಯಿಂದ ಎದೆಗೆ ಬರಲು ಒಂದು ತಿಂಗಳು ಹಿಡಿಯಿತು. ಮನೆಯಲ್ಲಿ ಬಿಸಿನೀರಿನ ಶಾಖ ಕೊಟ್ಟು ಕೈ ಎತ್ತಿಸುವ ಕೆಲಸವೂ ನನ್ನದೇ. ಅವನು ಹಲ್ಲು ಕಚ್ಚಿ ನನಗೂ ನನ್ನ ಹುಟ್ಟಿಗೂ ಬೈಯುತ್ತಿದ್ದ. ಅವನು ಹುಟ್ಟಿದ್ದೂ ಅದೇ ಹೊಟ್ಟೆಯಲ್ಲಿ ಎಂಬುದು ಆ ನೋವಿನಲ್ಲಿ ಅವನಿಗೆ ಮರೆತುಹೋಗುತ್ತಿತ್ತು. ಒಂದು ದಿನ ಬೈಗುಳ ತಡೆಯಲಾರದೆ, ಆ ಹುಡುಗಿ ಹೇಳಿಕೊಟ್ಟ ಮಟ್ಟ ಮೀರಿ ಕೈಯನ್ನು ಮೇಲಕ್ಕೆ ದಬ್ಬಿದೆ. ಅವನು ಚೀರಿದ. ನಾನು ತಕ್ಷಣ ಬಿಡಲಿಲ್ಲ. ಆ ಚೀರಾಟ ಒಂದು ಕ್ಷಣ ನನಗೆ ಹಿತವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಗಿದ್ದು ಅದೇ. ಭುಜ ಊದಿಕೊಂಡಿತು, ವ್ಯಾಯಾಮ ಎರಡು ವಾರ ನಿಂತಿತು. ಬೆರಳು ಮತ್ತೆ ಹೊಟ್ಟೆಯಿಂದ ಶುರು.

ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ. ಅವನ ಬೆರಳು ನನ್ನ ಕುತ್ತಿಗೆಯವರೆಗೆ ಬಂತು. ಗದ್ದ ಮುಟ್ಟಿತು. ಮಳೆಗಾಲ ಮುಗಿಯುತ್ತಿತ್ತು, ಕೊನೆ ತೆಗೆಯುವ ದಿನಗಳು ಹತ್ತಿರವಾಗಿದ್ದವು. ಒಂದು ಬೆಳಿಗ್ಗೆ ಸೂಜಿ ತೆಗೆಸಿಕೊಂಡು ಬಂದವನು ಎದುರು ನಿಂತ. ಇವತ್ತು ಆಗುತ್ತದೆಂದು ಅವನ ಮುಖ ನೋಡಿದರೇ ಗೊತ್ತಾಯಿತು. ಕಣ್ಣು ಮುಚ್ಚಿದೆ.

"ನಿಧಾನ," ಎಂದಳು ಹುಡುಗಿ.

ಅವನು ನಿಧಾನ ಮಾಡಲಿಲ್ಲ. ಅಂಗೈ ಪೂರ್ತಿ ಕೆನ್ನೆಗೆ ಬಿತ್ತು. ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು. ಕೈ ಎದ್ದಿತ್ತು, ಇನ್ನು ದೋಟಿಯೂ ಏಳುತ್ತದೆ ಎಂದು ನನಗೆ ಅಳುವಷ್ಟು ಸಂತೋಷವಾಯಿತು. ಹಾಗೆಂದು ಹೇಳಲು ಕಣ್ಣು ತೆರೆದೆ.

ತಮ್ಮ ಗೋಡೆಗೆ ಒತ್ತಿಕೊಂಡು, ಎಡಗೈಯಿಂದ ಬಲಭುಜ ಮುಚ್ಚಿಕೊಂಡು ನಿಂತಿದ್ದ. ಅವನು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ. ನನ್ನ ಕೈ ತಾನಾಗಿಯೇ ಮೇಲೆದ್ದು, ಮುಷ್ಟಿ ಬಿಗಿದು ನಿಂತಿತ್ತು.