ತೊಳೆಯದ ಡಬ್ಬ

ನಮ್ಮ ಯಜಮಾನರು ತೀರಿಕೊಂಡ ವರ್ಷವೇ ನಾನು ಔಷಧಿ ಕಾರ್ಖಾನೆಯಲ್ಲಿ ಬಾಟಲಿ ತೊಳೆಯೋಕೆ ಸೇರಿದ್ದೆ. ಒಂದು ದಿನ ಮೇಸ್ತ್ರಿ ಬಂದು, ಲ್ಯಾಬಿಗೆ ಹೊಸ ಹುಡುಗಿ ಬರ್ತಾಳಂತೆ, ಉಪ್ಪಿನೊಳಗೆ ಕಬ್ಬಿಣ ಎಷ್ಟಿದೆ ಅಂತ ಕಾಗದದ ಮೇಲೇ ಹೇಳಿಬಿಡ್ತಾಳಂತೆ ಅಂದ. ಹಾಗಾದ್ರೆ ನಿನ್ನ ತಲೆಯೊಳಗೆ ಏನಿದೆ ಅಂತಲೂ ಕೇಳಿಕೋ ಅಂದೆ. ಅವಳ ಸುದ್ದಿ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಬಂದವಳಿಗೆ ಲೆಕ್ಕದಮ್ಮ ಅಂತ ಹೆಸರು ಬಿತ್ತು. ಕಿಟಕಿಯಿಲ್ಲದ ಲ್ಯಾಬು, ಮೂರು ಹೆಜ್ಜೆ ಇಟ್ಟರೆ ಗೋಡೆ. ಹಾಸಿಗೆ ಹಿಡಿದ ಅಮ್ಮನ ಜೊತೆ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸ್‌ನಲ್ಲೇ ವಾಸ. ಆ ಮನೆಯ ಇನ್ನೊಂದು ಕೀಲಿ ಕಾರ್ಖಾನೆ ಸಾಹುಕಾರರ ಮೇಜಿನೊಳಗೆ.

ರಕ್ತ ಕಮ್ಮಿಯಿರುವ ಮಕ್ಕಳ ಟಾನಿಕ್ಕಿಗೆ ಹಸಿರು ಹರಳಿನ ಕಬ್ಬಿಣದ ಉಪ್ಪು ಬರುತ್ತಿತ್ತು. ಆ ಹರಳಿನೊಳಗೆ ನೀರೂ ಸೇರಿಕೊಂಡಿರುತ್ತೆ ಅಂತ ಊಟದ ಹೊತ್ತಲ್ಲಿ ಅವಳೇ ಹೇಳಿದ್ದಳು. ಇನ್ನೂರ ಎಪ್ಪತ್ತೆಂಟು ಪಾಲು ಹರಳಿನಲ್ಲಿ ಕಬ್ಬಿಣ ಬರೀ ಐವತ್ತಾರು ಪಾಲು. ಅಂದರೆ ನೂರು ಗ್ರಾಮಿಗೆ ಇಪ್ಪತ್ತು. ನೀರು ಬಿಟ್ಟುಹೋದ ಬಿಳಿ ಪುಡಿಯಾದರೆ ಅದೇ ನೂರರಲ್ಲಿ ಮೂವತ್ತೇಳು.

ಒಂದು ಸಲ ಹಸಿರು ಸಿಗದೆ ಬಿಳಿ ಪುಡಿ ಬಂತು. ಚೀಟಿಯಲ್ಲಿ ಹೆಸರು ಅದೇ ಇತ್ತಲ್ಲ, ತೂಗುವವನು ಹಳೇ ತೂಕವನ್ನೇ ಹಾಕಿದ. ಬಾಟಲಿ ತುಂಬಿದ ಮೇಲೆ ಲೆಕ್ಕದಮ್ಮನಿಗೆ ಗೊತ್ತಾಯಿತು. ಹೆಚ್ಚುಕಮ್ಮಿ ಎರಡರಷ್ಟು ಕಬ್ಬಿಣ, ಎಳೆ ಮಕ್ಕಳಿಗೆ ಅದು ವಿಷವಂತೆ. ಮಾಲು ಹೊರಗೆ ಕಳಿಸೋ ಕಾಗದಕ್ಕೆ ಸಹಿ ಹಾಕಲ್ಲ ಅಂದಳು.

ಸಾಹುಕಾರರು ದನಿ ಏರಿಸಲಿಲ್ಲ. "ಹೆಸರು ಒಂದೇ ತಾನೆ? ಹಾಕಮ್ಮ. ನಿಮ್ಮಮ್ಮನ್ನ ಮಂಚದ ಸಮೇತ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ?"

ಮೂರು ದಿನ ಆ ಕಾಗದ ಅವಳ ಮೇಜಿನ ಮೇಲೇ ಬಿದ್ದಿತ್ತು. ತುತ್ತು ಬಾಯಿಗಿಟ್ಟವಳು ಅಗಿಯುವುದನ್ನೇ ಮರೆಯುತ್ತಿದ್ದಳು. ನಾಲ್ಕನೆಯ ದಿನ ಔಷಧಿ ತಪಾಸಣೆಯವರಿಗೆ ಪತ್ರ ಬರೆದು ಹಾಕಿದಳು.

ಅವರು ಬರುವ ದಿನ ಬೆಳಿಗ್ಗೆ ಮೇಸ್ತ್ರಿ ಉಪ್ಪು ಬಂದಿದ್ದ ಖಾಲಿ ಡಬ್ಬಗಳನ್ನೆಲ್ಲ ನನ್ನ ತೊಟ್ಟಿಯ ಹತ್ತಿರ ಉರುಳಿಸಿ, ಒಂದು ಚೂರೂ ಉಳೀಬಾರದಂತೆ, ಸಾಹುಕಾರರ ಅಪ್ಪಣೆ ಅಂದ. ಒಂದರ ತಳದಲ್ಲಿ ಬಿಳಿ ಪುಡಿ ಅಂಟಿತ್ತು. ನಾನು ನಲ್ಲಿ ತಿರುಗಿಸಿದ್ದೆ. ಲೆಕ್ಕದಮ್ಮ ಏದುಸಿರು ಬಿಡುತ್ತಾ ಬಂದು ನಿಲ್ಲಿಸಿದಳು.

"ಹಸಿರೇ ಬಂದಿತ್ತು ಅಂತಾರೆ ಇವರು. ನನ್ನ ಹತ್ರ ಇರೋದು ಬರೀ ಲೆಕ್ಕ, ಸಾಕ್ಷಿ ಅಂದ್ರೆ ಈ ಪುಡೀನೇ."

"ನಂದೂ ಹೊಟ್ಟೆಪಾಡು ಕಣಮ್ಮ" ಅಂದೆ.

"ಗೊತ್ತಕ್ಕ. ಇದೊಂದನ್ನ ಮಾತ್ರ ತೊಳೀಬೇಡಿ."