ಗ್ರಾಗಿ ಎನ್ನಲು ಕಲಿಸುವ ಥೊವಾ ಮಿಸ್

ಹೈಫಾಂಗ್ ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಏಡಿ ಸಾರಿನ ಅಂಗಡಿಯ ಮುಂದೆ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಹಡಗು ಹತ್ತಲಿರುವ ಹುಡುಗರು ಮಂಡಿ ಮಡಚಿ ಕೂತಿದ್ದಾರೆ. ಅವರ ಇಂಗ್ಲಿಷ್ ಟೀಚರ್ ದೊವಾನ್ ಥಿ ಥೊವಾ ಒಬ್ಬೊಬ್ಬರನ್ನೇ ಹೇಗಿದ್ದೀಯ ಎಂದು ಕೇಳುತ್ತಾರೆ. 'ಫೈನ್' ಎಂದವನ ಬಟ್ಟಲು ವಾಪಸ್ ಒಳಗೆ ಹೋಗುತ್ತದೆ.

"ಹೊಟ್ಟೆ ಹಸೀತಿದೆ ಮಿಸ್, ಕೊಡ್ರೀ!"

"ಅದನ್ನೇ ಇಂಗ್ಲಿಷಲ್ಲಿ ಹೇಳು. ಚೆನ್ನಾಗಿದ್ದೀನಿ ಅನ್ನೋಕೆ ನನ್ನ ಕ್ಲಾಸ್ ಯಾಕೋ ಬೇಕು?"

ನಮ್ಮ ಬಂದರಿನವರ ಅಭ್ಯಾಸವೇ ಹಾಗೆ. ಮೈ ಸುಡುತ್ತಿದ್ದರೂ ಮೇಲಿನವರ ಮುಂದೆ ನಕ್ಕು, ಏನಿಲ್ಲ ಬಿಡಿ ಎನ್ನುತ್ತೇವೆ. ಥೊವಾ ಅವರ ತಮ್ಮ ಹಡಗಿನ ಗಾಳಿಯಾಡದ ತೊಟ್ಟಿಯೊಳಗೆ ಬಣ್ಣ ಬಳಿಯುವಾಗ ತಲೆ ತಿರುಗಿದರೂ ಹಾಗೆಯೇ ನಕ್ಕ. ಜೀವಂತ ಮೇಲೆ ಬರಲಿಲ್ಲ. ಆಗ ಪ್ರಯಾಣಿಕರ ಹಡಗಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ದಡಕ್ಕಿಳಿದು ಈ ಪಾಠ ಶುರುಮಾಡಿದರು. ಹಗಲಿಡೀ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ.

ಅವರು ಬಿಡದೆ ಕಲಿಸುವ ಪದ 'ಗ್ರಾಗಿ'. ತಲೆ ಮಂಕಾಗಿ, ಕಾಲು ತಡವರಿಸಿ, ಅರೆನಿದ್ದೆಯಲ್ಲಿದ್ದಂತೆ ಆಗುವುದು.

"ಒಬ್ಬ ಇಂಗ್ಲಿಷ್ ನೌಕಾಪತಿ ಇದ್ದ. ಗ್ರಾಗ್ರಮ್ ಅನ್ನೋ ಒರಟು ಬಟ್ಟೆ ಕೋಟು ಹಾಕೋನು. ನಾವಿಕರು ಗ್ರಾಗ್ ಮುದುಕ ಅಂತ ಅಡ್ಡಹೆಸರಿಟ್ರು. ಅವನು ಅವರ ರಮ್ಮಿಗೆ ನೀರು ಬೆರೆಸಿದ. ಆ ರಮ್ಮೂ ಗ್ರಾಗ್ ಆಯ್ತು, ಕುಡಿದು ತೂರಾಡೋನು ಗ್ರಾಗಿ ಆದ."

"ರಮ್ಮಿಗೆ ನೀರಾ? ಪಾಪಿ!"

"ಈಗ ಕುಡೀದೇನೂ ಗ್ರಾಗಿ ಆಗ್ಬೋದು ಕಣೋ. ಜ್ವರಕ್ಕೆ, ನಿದ್ದೆಗೆಟ್ಟಿದ್ದಕ್ಕೆ, ವಿಷಗಾಳಿಗೆ. ನಿಮ್ಮಂಥ ನಾವಿಕರದೇ ಪದ, ನುಂಗ್ಕೋಬೇಡಿ."

ಎಲ್ಲರೂ ನಗುತ್ತಿದ್ದರೂ ಮಿಸ್ ಕಣ್ಣು ಇಂದು ಫೋನಿನ ಮೇಲಿದೆ. ಹಳೆಯ ಶಿಷ್ಯ ಖಿಯೆಮ್‌ನ ಹಡಗಿನಲ್ಲಿ ತೊಟ್ಟಿಗಿಳಿದವರು ಆಸ್ಪತ್ರೆ ಸೇರಿದ ಸುದ್ದಿ ನಿನ್ನೆ ಬಂದಿದೆ. ಯಾರು, ಹೇಗಿದ್ದಾರೆ, ತಿಳಿದಿಲ್ಲ. ಸಾರು ಆರುವ ಮೊದಲೇ ಫೋನು ಬಡಿದುಕೊಳ್ಳುತ್ತದೆ. ಖಿಯೆಮ್‌ನದೇ ದನಿ! ಮಿಸ್ ಗೋಡೆಗೆ ಒರಗುತ್ತಾರೆ. ಅಂಗಡಿಯಲ್ಲಿದ್ದ ನಮ್ಮೆಲ್ಲರ ಎದೆಯೂ ಹಗುರಾಗುತ್ತದೆ.

"ತಲೆ ತಿರುಗ್ತು ಮಿಸ್. ಏನಿಲ್ಲ ಅನ್ನೋಕೆ ಹೋದೆ, ಬಾಯಲ್ಲಿ ಗ್ರಾಗಿ ಅಂತ ಬಂತು. ಆಫೀಸರ್ ತಕ್ಷಣ ತೊಟ್ಟಿಯೊಳಗಿದ್ದ ಮೂರೂ ಜನಾನ ಮೇಲಕ್ಕೆ ಎಳೆಸಿದ್ರು. ಎಲ್ಲಾ ಹುಷಾರಾಗಿದ್ದೀವಿ." ದನಿ ತಗ್ಗಿಸಿ ಹೇಳುತ್ತಾನೆ, "ಆದ್ರೂ ನಾಚ್ಕೆ ಆಗುತ್ತೆ. ಅರ್ಧ ಕೆಲ್ಸಕ್ಕೇ ಕೈಚೆಲ್ಲಿದ ಹಾಗಾಯ್ತು."

ಥೊವಾ ಮಿಸ್ ಅಂಗಿ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ನಾಚ್ಕೊ ತಮ್ಮಾ, ಚೆನ್ನಾಗಿ ನಾಚ್ಕೊ. ಬದುಕಿರೋನಿಗೆ ಅದಕ್ಕೆಲ್ಲ ಬೇಕಾದಷ್ಟು ಟೈಮಿದೆ."