ರಿಕಾಪಿಲ್ಲದ ಸವಾರಿ

ಮರುಭೂಮಿಯಂಚಿನ ಸಿನಿಮಾ ಊರು ವಾರ್ಜಾಜಾತಿನಲ್ಲಿ ಇಜ್ಜಾಳ ಸೂಜಿ ತಾಗದ ಯುದ್ಧವೇ ಇಲ್ಲ ಅಂತಾರೆ. ಇಪ್ಪತ್ತಾರು ವರ್ಷದಿಂದ ಊರಾಚೆಯ ಬಯಲಿಗೆ ಯಾವ ದೇಶದವರು ಬಂದು ಸಿನಿಮಾ ತೆಗೆದರೂ, ಹಳೇ ಕಾಲದ ಸೈನಿಕರ ಕಬ್ಬಿಣದ ಅಂಗಿ ಅಂದರೆ ಅವಳು ದಾರದಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದದ್ದು. ಕುದುರೆ ಬೆನ್ನಿಗೆ ಹೊದಿಸುವ ಜೂಲೂ ಅವಳದೇ. ರೋಮಿನವರಿಗೂ ಪರ್ಷಿಯಾದವರಿಗೂ ಒಂದೇ ಜೂಲು, ಅಂಚು ಮಾತ್ರ ಬೇರೆ. ಯಾರೂ ಕೇಳುತ್ತಿರಲಿಲ್ಲ. ಆ ಕುದುರೆಗಳ ಮೇಲೆ ಕೂತು ಸಾಯುವವನು ಅವಳ ಗಂಡ ಹಮ್ಮು. ಎಷ್ಟು ಯುದ್ಧದಲ್ಲಿ ಸತ್ತನೋ ಏನೋ, ಸಂಜೆ ಪುದೀನ ಚಹಾಕ್ಕೆ ಸರಿಯಾಗಿ ಹಾಜರ್.

ಈ ಸಲ ಬಂದವರ ಜೊತೆ ಇತಿಹಾಸ ಓದಿದ ಹೆಂಗಸೊಬ್ಬಳಿದ್ದಳು. ತಪ್ಪು ಹುಡುಕುವುದೇ ಅವಳ ಕೆಲಸ. ಬಂದ ದಿನವೇ ಸವಾರರು ಪಾದವಿಡುವ ರಿಕಾಪುಗಳನ್ನೆಲ್ಲ ಬಿಚ್ಚಿಸಿದಳು.

"ಎರಡು ಸಾವಿರ ವರ್ಷದ ಹಿಂದೆ ಸವಾರರಿಗೆ ಕಾಲೂರೋಕೆ ಏನೂ ಇರಲಿಲ್ಲ. ನಿಮ್ಮ ಹಿರೀಕರು ಜೀನು, ಲಗಾಮು ಕೂಡ ಇಲ್ದೆ ಓಡಿಸ್ತಿದ್ರು. ಕುತ್ತಿಗೆಗೊಂದು ಹಗ್ಗ, ಅಷ್ಟೇ."

ಸವಾರರು ಎದೆಯುಬ್ಬಿಸಿದರು. ಹಮ್ಮು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ. ಇಜ್ಜಾ ಮಾತ್ರ ಅವನ ಕಾಲಿನ ಕಡೆ ನೋಡಿದಳು.

ಮೂರು ವರ್ಷದ ಹಿಂದೆ ಬಿದ್ದಾಗಿನಿಂದ ಅವನ ಎಡ ಮೊಣಕಾಲು ಸೋತಿತ್ತು. ಅದು ಅವನಿಗೆ ಗೊತ್ತು, ಎಣ್ಣೆ ಕಾಯಿಸಿ ತಿಕ್ಕುವ ಅವಳಿಗೆ ಗೊತ್ತು. ರಿಕಾಪಿದ್ದಾಗ ಹೇಗೋ ನಡೆಯುತ್ತಿತ್ತು. ಹೊರಗೆ ತಿಳಿದರೆ ಕುದುರೆ ಇನ್ನೊಬ್ಬನ ಪಾಲು; ಹಮ್ಮುವಿಗೆ ಬಯಲಲ್ಲಿ ಹೆಣವಾಗಿ ಮಲಗುವ ಕೆಲಸ.

ಮಧ್ಯಾಹ್ನ ರೊಟ್ಟಿ ಮುರಿಯುತ್ತಾ ಅವನೇ ಮಾತು ತೆಗೆದ. "ಜೂಲಿನ ಒಳಗೆ, ಎಡಗಡೆ, ಒಂದು ಕುಣಿಕೆ ಹೊಲಿದುಕೊಡು. ಪಾದ ತೂರಿಸಿದರೆ ಸಾಕು."

"ಬಿದ್ರೆ? ಕಾಲು ಸಿಕ್ಕೊಂಡು ಕುದುರೆ ಎಳ್ಕೊಂಡು ಹೋದ್ರೆ?"

"ನಾನ್ಯಾಕೆ ಬೀಳ್ತೀನಿ?"

"ಹೋದ ಸಲಾನೂ ಹೀಗೇ ಅಂದಿದ್ದೆ."

"ಹೊಲೀತೀಯೋ, ನಾನೇ ಹೊಲ್ಕೊಳ್ಲೋ? ತಾ ಇಲ್ಲಿ ಸೂಜಿ!"

ಹೊಲಿದಳು. ಅವನು ಹೇಳಿದ ಮೇಣದ ದಾರದಲ್ಲಲ್ಲ, ಒಂಟಿ ಹತ್ತಿ ನೂಲಿನಲ್ಲಿ. ಬಿದ್ದರೆ ಕಿತ್ತು ಬರಲಿ ಅಂತ. ಹೊಲಿದ ಮೇಲೆ ಇನ್ನೊಂದು ಹೆದರಿಕೆ ಹತ್ತಿತು. ಅದು ಕಿತ್ತೇ ಅವನನ್ನು ಬೀಳಿಸಿದರೆ? ಬಿಚ್ಚಿದಳು. ಮತ್ತೆ ಅದೇ ನೂಲಿನಲ್ಲಿ ಹೊಲಿದಳು. ಅವನಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಲವತ್ತು ಕುದುರೆ ಸಾಲಾಗಿ ನಿಂತವು. ಇತಿಹಾಸದ ಹೆಂಗಸು ಜೂಲುಗಳನ್ನು ಎತ್ತಿ ನೋಡುತ್ತಾ ಬಂದಳು. ಹಮ್ಮುವಿನ ಕುದುರೆಯದು ಬಲಗಡೆ ಮಾತ್ರ ಎತ್ತಿದಳು, ಮುಂದೆ ಹೋದಳು. ಸಿಕ್ಕಿಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಇಜ್ಜಾಗೆ.

ಕಹಳೆ ಮೊಳಗಿತು. ಧೂಳಿನಲ್ಲಿ ಹೋದರು, ಧೂಳಿನಲ್ಲೇ ಬಂದರು. ಹಮ್ಮು ಕೂತೇ ಇದ್ದ. ಅವಳು ಉಸಿರು ಬಿಡುವಷ್ಟರಲ್ಲಿ ಕೂಗು: "ಇನ್ನೊಂದ್ಸಲ!" ಯಾರದೋ ಕೈಯಲ್ಲಿ ಗಡಿಯಾರ ಮಿಂಚಿತಂತೆ. ಎರಡನೇ ಓಟ ಮುಗಿಯಿತು. ಆಕಾಶದಲ್ಲಿ ವಿಮಾನದ ಹೊಗೆ ಇತ್ತಂತೆ. ಮತ್ತೆ, "ಇನ್ನೊಂದ್ಸಲ!"

ಹಮ್ಮುವಿನ ಜೂಲಿನ ಕೆಳಗೆ ಬಿಳಿ ನೂಲು ಗೇಣುದ್ದ ನೇತಾಡುತ್ತಿತ್ತು. ಅವನ ಪಾದ ಕುಣಿಕೆಗಾಗಿ ತಡಕಾಡುತ್ತಿತ್ತು. ಮುಖ ಸುಣ್ಣದಂತಾಗಿತ್ತು. ಆದರೂ ಇಳಿಯಲಿಲ್ಲ.

ಕಹಳೆ ಬಾಯಿಗೆ ಹೋಗುವಷ್ಟರಲ್ಲಿ ಇಜ್ಜಾ ಬಯಲಿಗೆ ನಡೆದುಬಿಟ್ಟಳು. ಕುದುರೆಗಳ ಯಜಮಾನ ಬೆನ್ನಾಸರ್ ತಲೆ ಚಚ್ಚಿಕೊಂಡ.

"ಏ ಇಜ್ಜಾ! ಆ ಕಾಲದಲ್ಲಿ ಪ್ಲಾಸ್ಟಿಕ್ ಚಪ್ಪಲಿ ಇತ್ತೇನೇ?"

"ಆ ಕಾಲದವರಿಗೆ ಹೆಂಡ್ತೀರು ಇರ್ಲಿಲ್ವೇನೋ?"

ಉಳಿದ ಸವಾರರೆಲ್ಲ ಗೊಳ್ಳೆಂದರು. ಅವಳು ಕುತ್ತಿಗೆಯ ಹಗ್ಗ ಹಿಡಿದು, "ಇಳಿ" ಎಂದಳು.

"ಮಾನ ಕಳೀಬೇಡ, ಹೋಗು."

"ಇಳಿ ಅಂದೆ."

ಇಳಿದ. ನೆಲ ಮುಟ್ಟಿದ್ದೇ ಎಡಗಾಲು ಮಡಿಚಿಕೊಂಡಿತು. ಅವಳ ಹೆಗಲು ಹಿಡಿಯದೆ ನಿಲ್ಲಲಾಗಲಿಲ್ಲ. ನಗು ನಿಂತಿತು. ಇತಿಹಾಸದ ಹೆಂಗಸು ಬಂದು ಹರಿದ ಕುಣಿಕೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಬೆನ್ನಾಸರ್ ಆ ಕುದುರೆ ಹತ್ತಲು ಇನ್ನೊಬ್ಬನನ್ನು ಕರೆದ.

ಹಮ್ಮು ಕಲ್ಲಿನ ಮೇಲೆ ಕೂತು ಅತ್ತ ಮುಖ ತಿರುಗಿಸಿದ. ಚಹಾ ಕೊಟ್ಟಳು, ಮುಟ್ಟಲಿಲ್ಲ. ಇನ್ನು ಜನ್ಮದಲ್ಲಿ ಮಾತಾಡುತ್ತಾನೋ ಇಲ್ಲವೋ ಅಂತ ಅವಳಿಗೆ ದಿಗಿಲು.

"ಆ ಕುದುರೆ ಎಡಕ್ಕೆ ವಾಲುತ್ತೆ. ಹೊಸಬನಿಗೆ ಯಾರೂ ಹೇಳಿಲ್ಲ," ಎಂದ ಕಡೆಗೆ, ತನಗೇ ಹೇಳಿಕೊಂಡ ಹಾಗೆ. ಎದ್ದು, ಎಲ್ಲರೆದುರೂ ಕುಂಟುತ್ತಲೇ, ಹೊಸ ಸವಾರನ ಕಡೆ ನಡೆದ.

ಇಜ್ಜಾ ತಡೆಯಲಿಲ್ಲ. ಅವಳ ಕಣ್ಣು ಆ ಹೊಸಬನ ಜೋಲುವ ಕಾಲುಗಳ ಮೇಲಿತ್ತು. ಅವನಿಗೂ ಮನೆಯಲ್ಲಿ ಯಾರೋ ಇದ್ದಾರಲ್ಲ.